ಹನ್ನೊಂದು ದೀಪ

ಆಲೂಗಡ್ಡೆ ಅಗೆದು ಮುಗಿದ ವಾರ, ಅಕ್ಟೋಬರ್ ಕೊನೆಯ ಒಂದು ಬೆಳಿಗ್ಗೆ ಅದು ಶುರುವಾಯಿತು. ಹೊಲದ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಮಗ ಇರೆಕ್, ಸೊಸೆ ಕಿಂಗಾ ಇಬ್ಬರೂ ಕೆಲಸದ ಬಸ್ಸು ಹತ್ತಿ ಹೋಗಿದ್ದರು. ಬೆಂಕಿಪೆಟ್ಟಿಗೆಗೆಂದು ಸ್ತೆಫಾನಿಯಾ ಅಡುಗೆಮನೆಯ ಡ್ರಾಯರ್ ಎಳೆದಳು. ಅದರ ತಳದಲ್ಲಿ ಮಡಚಿಟ್ಟ ದಪ್ಪ ಕಾಗದವೊಂದು ಸಿಕ್ಕಿತು.

ಬಿಡಿಸಿದರೆ ಎರಡು ತಿಂಗಳ ತಾರೀಕು ಹಾಕಿದ ಸಾಲು ಸಾಲು ಚೌಕಗಳು, ಒಂದೊಂದರಲ್ಲೂ ಒಂದು ಬಣ್ಣದ ಚೀಟಿ. ಕೆಂಪು, ಹಸಿರು, ಬಿಳಿ. ಬಿಳಿಯದರ ಮೇಲೆಲ್ಲ ಪುಟ್ಟ ಮಗುವಿನ ಚಿತ್ರ. ಕೆಳಗೆ ಕಿಂಗಾ ಬರೆದದ್ದು ಬಿಡಿಬಿಡಿಯಾಗಿ ಅಕ್ಷರವಾಗುತ್ತಿತ್ತು, ಕೂಡಿಸಿದರೆ ಮಾತಾಗುತ್ತಿರಲಿಲ್ಲ. ಸ್ತೆಫಾನಿಯಾ ಬಣ್ಣಗಳನ್ನೇ ನೋಡಿದಳು. ಮಗು, ಆಮೇಲೆ ಹಸಿರು, ಆಮೇಲೆ ರಕ್ತದಂಥ ಕೆಂಪು. ಎಣಿಸಿದಳು. ಹನ್ನೊಂದು ಮಕ್ಕಳು.

ಮಗನ ಮದುವೆಯಾಗಿ ಎಂಟು ವರ್ಷ, ಮನೆಯಲ್ಲಿ ತೊಟ್ಟಿಲು ಕಟ್ಟಿಲ್ಲ. ಎರಡು ತಿಂಗಳಲ್ಲಿ ಹನ್ನೊಂದು ಹೇಗಾದೀತು? ಪಟ್ಟಣದ ಡಾಕ್ಟರುಗಳು ಈಗ ಐದಾರು ಕೂಸನ್ನು ಒಟ್ಟಿಗೇ ಹೊಟ್ಟೆಯಲ್ಲಿ ಇಡುತ್ತಾರಂತೆ ಎಂದು ಪಕ್ಕದ ಮನೆಯ ಹಲೀನಾ ಹೇಳಿದ್ದಳು. ಹಾಗಾದರೆ ಇಡಿಸಿಕೊಂಡು, ಕಳಕೊಂಡು, ತನಗೊಂದು ಮಾತೂ ಹೇಳಲಿಲ್ಲವೇ? ಕಾಗದವನ್ನು ಇದ್ದ ಹಾಗೇ ಮಡಚಿಟ್ಟಳು.

ಸತ್ತವರಿಗೆ ದೀಪ ಹಚ್ಚುವ ಸಂತರ ಹಬ್ಬದ ಮಧ್ಯಾಹ್ನ ಸ್ಮಶಾನದ ಬಾಗಿಲಲ್ಲಿ ಹಲೀನಾ ಗಾಜಿನ ದೀಪ ಮಾರುತ್ತಿದ್ದಳು. ಸ್ತೆಫಾನಿಯಾ ಹನ್ನೆರಡು ಕೇಳಿದಳು.

“ನಿನ್ನ ಗಂಡನಿಗೊಂದು, ಸರಿ. ಇನ್ನು ಹನ್ನೊಂದು ಯಾರಿಗೇ? ನಿಮ್ಮನೇಲಿ ಅಷ್ಟು ಜನ ಯಾವಾಗ ಸತ್ರು, ನನ್ನನ್ನ ಊಟಕ್ಕೂ ಕರೀದೆ?”

ಸ್ತೆಫಾನಿಯಾ ದುಡ್ಡು ಕೊಟ್ಟು ಒಳಗೆ ನಡೆದಳು. ಗೋಡೆಯ ಮಗ್ಗುಲಲ್ಲಿ, ಹೆಸರಿಡುವ ಮೊದಲೇ ಹೋದ ಕೂಸುಗಳ ಮೂಲೆಯಿದೆ. ಹನ್ನೊಂದನ್ನೂ ಅಲ್ಲಿ ಸಾಲಾಗಿ ಹಚ್ಚಿಟ್ಟಳು. ಮಾವನ ಸಮಾಧಿಗೆ ಹೂವು ತಂದ ಕಿಂಗಾ ಅವಳನ್ನು ಹುಡುಕಿಕೊಂಡು ಅಲ್ಲಿಗೇ ಬಂದಳು.

“ಅತ್ತೆ, ಇಲ್ಲಿ ನಮ್ಮೋರು ಯಾರಿದಾರೆ?”

“ನೀನು ಹೇಳ್ಲಿಲ್ಲ. ಡ್ರಾಯರಲ್ಲಿ ನೋಡ್ದೆ. ಎಲ್ಲಾ ಎಣಿಸ್ದೆ.”

ಕಿಂಗಾಗೆ ಅರ್ಥವಾಗಲು ಹೊತ್ತು ಹಿಡಿಯಿತು. ನಗು ಬಂದಂತಾಗಿ ನಿಂತುಹೋಯಿತು. ಕಲ್ಲಿನ ಅಂಚಿನ ಮೇಲೆ ಕೂತು, ನಿಧಾನಕ್ಕೆ ಹೇಳಿದಳು. ಕೆಂಪೆಂದರೆ ಮುಟ್ಟಿನ ದಿನ; ಬಿಳಿ ಚೀಟಿಯ ದಿನಗಳೆಂದರೆ ಮಗು ನಿಲ್ಲಬಹುದಾದ ದಿನಗಳು, ಅಷ್ಟೇ. ಯಾವುದೂ ನಿಂತಿಲ್ಲ, ಹಾಗಾಗಿ ಯಾವುದೂ ಹೋಗಿಲ್ಲ. ಮೊದಲು ನೋಡಿದ ಡಾಕ್ಟರು ಕಾರಣ ಹುಡುಕುತ್ತಾ ಕೂರಬೇಡಿ ಎಂದಿದ್ದರಂತೆ. ಇವಳಿಗೆ ಕಾರಣವೇ ಬೇಕಿತ್ತು. ಬಿಯಾವಿಸ್ತೋಕ್ ಪಟ್ಟಣದ ಡಾಕ್ಟರಮ್ಮ ದಿನವೂ ಗುರುತು ಹಾಕಲು ಈ ಕಾಗದ ಕೊಟ್ಟಿದ್ದರು. ಅದನ್ನೂ ತಿಂಗಳ ನೋವನ್ನೂ ಸೇರಿಸಿ ನೋಡಿ, ಗರ್ಭಕೋಶದ ಹೊರಗೆ ಬೆಳೆಯಬಾರದ್ದೇನೋ ಬೆಳೆದಿರಬೇಕು ಎಂದಿದ್ದಾರೆ. ಮಂಗಳವಾರ ಆಪರೇಷನ್.

ಸ್ತೆಫಾನಿಯಾಳ ಮನಸ್ಸು ನೋವು ಎಂಬಲ್ಲೇ ನಿಂತುಬಿಟ್ಟಿತು.

“ಆ ನೋವು ನಂಗೂ ಇತ್ತಲ್ಲೇ. ಎಲ್ರಿಗೂ ಇರತ್ತೆ, ತಡ್ಕೋ ಅಂತ ನಾನೇ ನಿಂಗೆ ಹೇಳಿದ್ದು.”

“ಅವರು ಹಾಗನ್ಲಿಲ್ಲ ಅತ್ತೆ. ಯಾವತ್ತಿಂದ ಅಂತ ಕೇಳಿದ್ರು. ಹದಿನಾಲ್ಕನೇ ವಯಸ್ಸಿಂದ ಅಂದೆ. ಬರ್ಕೊಂಡ್ರು.”

ಸ್ತೆಫಾನಿಯಾಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಒಂಬತ್ತು ವರ್ಷ ಕಾದ ಮೇಲೆ ಇರೆಕ್ ಒಬ್ಬನೇ ಹುಟ್ಟಿದ. ದೇವರು ತಡಮಾಡಿದ ಎಂದುಕೊಂಡಿದ್ದಳು. ಈಗ ಅದು ದೇವರೋ, ಇನ್ನೇನೋ, ಯಾರನ್ನು ಕೇಳುವುದು? ತಪ್ಪು ಹಚ್ಚಿದ ದೀಪಗಳನ್ನಾದರೂ ಆರಿಸೋಣವೆಂದು ಬಗ್ಗಿದಳು. ಕಿಂಗಾ ಕೈ ಹಿಡಿದಳು.

“ಉರೀಲಿ ಬಿಡಿ. ಯಾರದೋ ಮಕ್ಕಳಿದಾವಲ್ಲ.”

“ಆಪರೇಷನ್ ಮಾಡಿಸಿದ್ರೆ ನಿಲ್ಲತ್ತೇನೇ?”

“ಗೊತ್ತಿಲ್ಲ. ಯಾಕೆ ಅಂತಾದ್ರೂ ಗೊತ್ತಾಗತ್ತೆ.”

ಮಂಗಳವಾರ ಇರೆಕ್, ಕಿಂಗಾ ಬೆಳಗಿನ ಮೊದಲ ಬಸ್ಸಿಗೆ ಹೊರಟರು. ಸ್ತೆಫಾನಿಯಾ ದಾರಿಗೆಂದು ಮೊಟ್ಟೆ ಬೇಯಿಸಿ ಬ್ರೆಡ್ಡಿನ ಜೊತೆ ಕಟ್ಟಿಕೊಟ್ಟಳು. ಆಪರೇಷನ್ ಮುಗಿಯುವ ತನಕ ಕಿಂಗಾ ಏನೂ ತಿನ್ನುವಂತಿಲ್ಲವೆಂದು ಆಮೇಲೆ ತಿಳಿಯಿತು. ಗಂಟು ಇರೆಕ್‌ನ ಚೀಲ ಸೇರಿತು. ಅವರು ಬಾಗಿಲು ದಾಟಿದ ಮೇಲೆ ನೆನಪಾಗಿ, ಡ್ರಾಯರಿನ ಕಾಗದ ಹಿಡಿದು ಬಸ್ಸಿನ ತನಕ ಓಡಿ ಕೊಟ್ಟು ಬಂದಳು. ಈ ಸಲ ಬಿಡಿಸಿ ನೋಡಲಿಲ್ಲ.