ಲ್ಯಾಟಿನರ ಮೆಟ್ಟಿಲು

ಮಧ್ಯಾಹ್ನ ಎರಡು ಗಂಟೆಗೆ ಜಿರ್ಯೆಸನ ಶವಪೆಟ್ಟಿಗೆ ಇಗರ್ಜಿಯ ಬಾಗಿಲು ದಾಟಿತು. ಮುಂದಿನ ಬಲಗಡೆಗೆ ಹೆಗಲು ಕೊಡಲು ಬಂದವನು ಬುತ್ರುಸ್. ನಲವತ್ತು ವರ್ಷಗಳ ಹಿಂದೆ ಪೊರಕೆಯ ಹಿಡಿಯಿಂದ ಹೊಡೆದು ಜಿರ್ಯೆಸನ ಎಡಗಣ್ಣು ತೆಗೆದವನೂ ಅವನೇ.

"ಇಳಿಸಿ," ಎಂದಳು ಜಿರ್ಯೆಸನ ಹೆಂಡತಿ ಅಫೀಫೆ.

ಹೊತ್ತವರು ಅಲ್ಲೇ ನಿಂತರು. ಮಗ ಯಾಕೂಬ್ ತಾಯಿಯ ಕಡೆ ತಿರುಗಿ, "ಅಮ್ಮಾ, ಜನ ನೋಡ್ತಿದಾರೆ," ಎಂದ.

"ನೋಡ್ಲಿ. ಅವರಿಗೆಲ್ಲ ಎರಡೆರಡು ಕಣ್ಣಿವೆ."

ಬುತ್ರುಸ್ ಹೆಗಲು ತೆಗೆಯಲಿಲ್ಲ. ಎಪ್ಪತ್ತೈದು ದಾಟಿದ ಮುದುಕ. ಭಾರಕ್ಕೆ ಆಗಲೇ ಏದುಸಿರು. "ಯಾಕೂಬನಮ್ಮ, ಜಿರ್ಯೆಸ್ ನನ್ನ ಕ್ಷಮಿಸಿದಾನೆ. ಹೋದ ಈಸ್ಟರಿಗೆ ತಾನಾಗೇ ಬಂದು ಕೈ ಹಿಡ್ಕೊಂಡ. ನಿಮ್ಗೆ ಹೇಳಿಲ್ವಾ?"

"ಹೇಳಿದ್ರು. ಅವರ ಕಣ್ಣು, ಅವರು ಕ್ಷಮಿಸಿದ್ರು. ಆ ಕಣ್ಣಿನ ಗುಳಿಯೊಳಗೆ ದಿನಾ ಹತ್ತಿ ಒತ್ತಿ ಕೀವು ಒರೆಸಿದೋಳು ನಾನು. ನನ್ನನ್ನ ಯಾರು ಕೇಳಿದ್ರು?"

ಪಾದ್ರಿ ಕೆಮ್ಮಿದರು. ಯಾಕೂಬ್ ಕಣ್ಣಲ್ಲೇ ಸನ್ನೆ ಮಾಡಿದ. ಪೆಟ್ಟಿಗೆ ಮುಂದೆ ಸಾಗಿತು, ಬುತ್ರುಸನ ಹೆಗಲ ಮೇಲೆಯೇ. ವಾದಿ ತೂತ್ ಊರಿನಲ್ಲಿ ಹೆಂಗಸರು ಸಮಾಧಿಯವರೆಗೆ ಹೋಗುವುದಿಲ್ಲ. ಗಂಡಸರ ಸಾಲು ಆಲಿವ್ ತೋಪಿನ ತಿರುವಿನಲ್ಲಿ ಮರೆಯಾಗುವ ತನಕ ಅಫೀಫೆ ನೋಡುತ್ತ ನಿಂತಿದ್ದಳು.

*

ಇಗರ್ಜಿಯ ಕೆಳಗೊಂದು ಗುಹೆ. ದೇವಮಾತೆ ಮರ್ಯಮಳು ಕೂಸನ್ನೆತ್ತಿಕೊಂಡು ಈಜಿಪ್ಟಿನ ಹಾದಿ ಹಿಡಿದಾಗ ಒಂದು ರಾತ್ರಿ ಅಲ್ಲಿ ತಂಗಿದ್ದಳೆಂದು ನಂಬಿಕೆ. ಊರಿನ ಕ್ರೈಸ್ತರಲ್ಲಿ ಗ್ರೀಕ್, ಲ್ಯಾಟಿನ್ ಎಂದು ಎರಡು ಸಭೆಗಳು. ಗುಹೆಗೆ ಇಳಿಯುವ ಮೆಟ್ಟಿಲುಗಳೆಲ್ಲ ಗ್ರೀಕ್ ಸಭೆಯವು. ಕೂಸು ಮಲಗಿದ್ದ ಬಂಡೆಗೆ ತಾಗಿದ ಕಟ್ಟಕಡೆಯ ಮೆಟ್ಟಿಲೊಂದು ಮಾತ್ರ ಲ್ಯಾಟಿನ್ ಸಭೆಯದು. ಇದಕ್ಕೆ ಪತ್ರವಿಲ್ಲ, ಮೊಹರಿಲ್ಲ. ಗುಡಿಸಿದವರದ್ದು ಜಾಗ, ಅಷ್ಟೇ. ಒಂದು ದಿನ ಬೇರೆಯವರು ಗುಡಿಸಿ, ಅದನ್ನು ಯಾರೂ ತಡೆಯದಿದ್ದರೆ ಆ ಜಾಗ ಅವರದಾಗುತ್ತದೆ. ಆದ್ದರಿಂದ ಎರಡೂ ಕಡೆಯವರು ಪರಸ್ಪರರ ಪೊರಕೆಯ ಮೇಲೆ ಕಣ್ಣಿಟ್ಟಿರುತ್ತಾರೆ. ಗ್ರೀಕರ ಪರವಾಗಿ ಗುಡಿಸುತ್ತಿದ್ದವನು ಜಿರ್ಯೆಸ್, ಲ್ಯಾಟಿನರ ಪರವಾಗಿ ಬುತ್ರುಸ್.

ಕಣ್ಣು ಹೋದ ವರ್ಷ, ಹಬ್ಬದ ಹಿಂದಿನ ದಿನ ಜಿರ್ಯೆಸ್ ಮೇಲಿನಿಂದ ಗುಡಿಸಿಕೊಂಡು ಬಂದ. ಅವನ ಪೊರಕೆಯಿಂದ ಒಂದಿಷ್ಟು ದೂಳು ಕೊನೆಯ ಮೆಟ್ಟಿಲಿಗೆ ಉದುರಿತು. ಬೇರೆಯವರ ಅಂಗಳಕ್ಕೆ ಕಸ ಚೆಲ್ಲಿದೆನಲ್ಲ ಎಂದು ನಾಚಿಕೊಂಡು, ಬಗ್ಗಿ, ಅದನ್ನು ತನ್ನ ಕಡೆ ಎಳೆದುಕೊಂಡ. ಕೆಳಗೆ ನಿಂತಿದ್ದ ಬುತ್ರುಸನಿಗೆ ಕಂಡದ್ದು ತಮ್ಮ ಮೆಟ್ಟಿಲ ಮೇಲೆ ಗ್ರೀಕರ ಪೊರಕೆ.

ಎರಡೂ ಸಭೆಯ ಹಿರಿಯರು ಕೂತು ಮಾತಾಡಿದರು. ಪವಿತ್ರ ಸ್ಥಳದ ಹೆಸರು ಕೆಡಬಾರದು, ಪೊಲೀಸರ ತನಕ ಹೋಗುವುದು ಬೇಡ ಎಂದು ತೀರ್ಮಾನವಾಯಿತು. ಕಣ್ಣಿನ ಮಾತನ್ನು ಯಾರೂ ಎತ್ತಲಿಲ್ಲ. ಮರುವಾರವೇ ಜಿರ್ಯೆಸ್ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಪೊರಕೆ ಹಿಡಿದು ಹೊರಟಾಗ ಅಫೀಫೆ ಬಾಗಿಲಿಗೆ ಅಡ್ಡ ನಿಂತಳು.

"ದೇವರು ಎಲ್ಲಾ ಕಡೆ ಇದಾನೆ ಅಂತ ನಿಮ್ಮ ಪಾದ್ರೀನೇ ಹೇಳ್ತಾರಲ್ಲ. ಆ ಹಾಳು ಕಲ್ಲಿಗೆ ಇನ್ನೊಂದು ಕಣ್ಣನ್ನೂ ಕೊಟ್ಟು ಬರ್ತೀರಾ?"

"ಎಲ್ಲಾ ಕಡೆ ಇರೋನಾದ್ರೂ ಒಂದು ರಾತ್ರಿ ಎಲ್ಲೋ ಒಂದ್ಕಡೆ ಮಲಗ್ಲೇಬೇಕಿತ್ತಲ್ಲೇ," ಎಂದ ಜಿರ್ಯೆಸ್. "ಕೂಸು ಮಲಗಿದ ಜಾಗ. ಗುಡಿಸದೆ ಬಿಡೋಕಾಗುತ್ತಾ?"

ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಅವನ ಪಾಲಿನ ಸಿಟ್ಟನ್ನೂ ಅವಳೇ ಇಟ್ಟುಕೊಂಡಳು.

*

ಮನೆಯಲ್ಲಿ ಹೆಂಗಸರು ಗೋಡೆಗೊರಗಿ ಕೂತು ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತಿದ್ದರು. ಪಕ್ಕದ ಮನೆಯ ಕತ್ರೀನಾ ಲ್ಯಾಟಿನ್ ಸಭೆಯವಳು. ಸಮಾಧಾನದ ಮಾತು ಆಡಲು ಹೋದಳು.

"ನಮ್ಮೋರು ಒಬ್ಬರೂ ಉಳೀದಂಗೆ ಮಣ್ಣಿಗೆ ಹೋಗಿದಾರೆ ನೋಡು. ಪಾದ್ರಿ, ಗಂಟೆ ಹೊಡೆಯೋನು, ಎಲ್ಲಾರೂ. ಗುಹೆ ಹತ್ರ ನರಪಿಳ್ಳೆ ಇಲ್ಲ. ಜಿರ್ಯೆಸಣ್ಣ ಅಂದ್ರೆ ಅಷ್ಟು ಗೌರವ."

"ನರಪಿಳ್ಳೆ ಇಲ್ವಾ?"

"ದೇವರಾಣೆ ಇಲ್ಲ."

ಅಫೀಫೆ ಲೋಟ ಕೆಳಗಿಟ್ಟು ಎದ್ದಳು. ಸೊಸೆ ಹಿಯಾಮ್ ಹಿಂದೆಯೇ ಅಡುಗೆಮನೆಗೆ ಹೋದಳು. ಅತ್ತೆ ಬಾಗಿಲ ಸಂದಿಯಿಂದ ಪೊರಕೆ ಎಳೆಯುತ್ತಿದ್ದಳು.

"ಎಲ್ಲಿಗೆ ಅತ್ತೆ?"

"ನಿನ್ನ ಫೋನ್ ತಗೋ. ಫೋಟೋ ಹೊಡೀಬೇಕು."

ಗುಹೆಯಲ್ಲಿ ದೀಪಗಳು ಉರಿಯುತ್ತಿದ್ದವು. ಊರಿನವರು ಯಾರೂ ಇರಲಿಲ್ಲ. ಎಲ್ಲೋ ದೂರದೇಶದಿಂದ ಬಂದ ಹೆಂಗಸೊಬ್ಬಳು ಕೊನೆಯ ಮೆಟ್ಟಿಲ ಮೇಲೆ ಮಂಡಿಯೂರಿ, ಹಣೆ ಕಲ್ಲಿಗೆ ತಾಗಿಸಿ ಬಿಕ್ಕುತ್ತಿದ್ದಳು. ಆ ಕಲ್ಲು ಯಾವ ಸಭೆಯದೆಂದು ಅವಳಿಗೆ ಗೊತ್ತಿರಲಿಲ್ಲ. ಅಫೀಫೆ ಸ್ವಲ್ಪ ಹೊತ್ತು ಕಾದಳು. ಬಿಕ್ಕು ನಿಲ್ಲಲಿಲ್ಲ.

"ಏಳಮ್ಮ, ಕೆಲಸ ಇದೆ," ಎಂದು ಪೊರಕೆಯ ತುದಿಯಿಂದ ನೆಲ ತಟ್ಟಿದಳು.

ಹೆಂಗಸಿಗೆ ಭಾಷೆ ಅರ್ಥವಾಗಲಿಲ್ಲ. ಕಪ್ಪು ಬಟ್ಟೆಯ ಮುದುಕಿಯನ್ನೂ ಪೊರಕೆಯನ್ನೂ ನೋಡಿ, ಈ ಸ್ಥಳದ ಸೇವೆಯವಳೆಂದು ತಿಳಿದು, ಅವಳ ಕೈಗೆ ಮುತ್ತಿಟ್ಟು ಮೇಲೆ ಹತ್ತಿಹೋದಳು. ಅಫೀಫೆ ಆ ಕೈಯನ್ನು ನಿಲುವಂಗಿಗೆ ಒರೆಸಿಕೊಂಡಳು.

"ಅತ್ತೆ, ಬೇಡ. ಮಾವ ಇದ್ದಿದ್ರೆ ಬೇಡ ಅಂತಿದ್ರು."

"ಅವರಿದ್ದಷ್ಟು ದಿನ ಬೇಡ ಅಂತ್ಲೇ ಸುಮ್ನಿದ್ದೆ. ಇನ್ನು ಯಾರ ಮಾತು ಕೇಳ್ಲಿ?"

"ಬುತ್ರುಸಜ್ಜನಿಗೆ ಬೇರೇನಿದೆ? ಹೆಂಡತಿ ಇಲ್ಲ, ಮಕ್ಕಳಿಲ್ಲ. ಇದೊಂದು ಮೆಟ್ಟಿಲು."

"ಅದಕ್ಕೇ."

ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಅಡುಗೆಮನೆಯ ನೆಲ ಗುಡಿಸುವ ಹಾಗೆ, ಅವಳು ಲ್ಯಾಟಿನರ ಮೆಟ್ಟಿಲನ್ನು ಪೂರ್ತಿ ಗುಡಿಸಿದಳು. ಹಿಯಾಮ್ ಅಳುತ್ತಲೇ ಫೋಟೋ ತೆಗೆದಳು.

*

ಮಣ್ಣು ಮುಗಿಸಿ ಬಂದವರಿಗೆ ಅನ್ನ ಮತ್ತು ಕುರಿಮಾಂಸದ ಊಟ. ಬುತ್ರುಸ್ ಕೊನೆಯಲ್ಲಿ ಬಂದ. ಪ್ಯಾಂಟಿನ ಮೊಣಕಾಲಿಗೆ ಕೆಮ್ಮಣ್ಣು ಮೆತ್ತಿತ್ತು. ಪೆಟ್ಟಿಗೆ ಇಳಿಸುವಾಗ ಜಾರಿ ಬಿದ್ದನೆಂದು ಯಾರೋ ಹೇಳಿದರು. ಅಫೀಫೆ ತಾನೇ ತಟ್ಟೆ ತಂದು ಅವನ ಮುಂದಿಟ್ಟಳು. ಅಷ್ಟಕ್ಕೇ ಅವನ ಕಣ್ಣು ಒದ್ದೆಯಾಯಿತು.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ, ಯಾಕೂಬನಮ್ಮ."

"ತಿನ್ನು ಬುತ್ರುಸ್. ಸುಸ್ತಾಗಿದೀಯ. ನಿನಗೆ ಶ್ರಮ ಬೇಡ ಅಂತ ನಿನ್ನ ಮೆಟ್ಟಿಲನ್ನೂ ನಾನೇ ಗುಡಿಸಿ ಬಂದೆ."

ಬುತ್ರುಸ್ ಎಲ್ಲರ ಮುಖ ನೋಡಿದ, ಇದು ತಮಾಷೆಯೇ ಎಂದು. ಹಿಯಾಮ್ ಫೋನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡದ್ದು ಕಂಡಿತು.

"ಇವತ್ತಾ?" ಎಂದ. "ಅವನ ಮಣ್ಣಿನ ದಿನ?"

"ಬೇರೆ ದಿನ ನೀನು ಕಾವಲಿರ್ತೀಯಲ್ಲ."

ಅವನು ಚಮಚ ಕೆಳಗಿಟ್ಟು ಎದ್ದ. ಕೋಲು ಮರೆತು ಹೊರಟ ಅವನ ಹಿಂದೆ ಯಾಕೂಬ್ ಅದನ್ನು ಹಿಡಿದುಕೊಂಡು ಓಡಿದ. ತಾಯಿಯ ಕಡೆ ಅವನು ನೋಡಲಿಲ್ಲ. ಅಫೀಫೆ ತಟ್ಟೆಯನ್ನು ಎತ್ತಿ ಒಳಗೆ ಒಯ್ದಳು.

ಫೋಟೋ ಸಾಕ್ಷಿಯೆಂದು ಗ್ರೀಕ್ ಸಭೆ ಹಕ್ಕು ಹೂಡಿತು. ತಾವು ಸತ್ತವನ ಮಣ್ಣಿಗೆ ಹೋದ ಹೊತ್ತಿನಲ್ಲಿ ಆದದ್ದು ಲೆಕ್ಕಕ್ಕಿಲ್ಲವೆಂದು ಲ್ಯಾಟಿನರು ವಾದಿಸಿದರು. ಇತ್ಯರ್ಥವಾಗುವವರೆಗೆ ಆ ಮೆಟ್ಟಿಲಿಗೆ ಯಾರೂ ಪೊರಕೆ ತಾಗಿಸಕೂಡದೆಂದು ಹಿರಿಯರು ಒಪ್ಪಂದ ಮಾಡಿಕೊಂಡರು. ಬುತ್ರುಸ್ ಆ ಚಳಿಗಾಲ ದಾಟಲಿಲ್ಲ. ಇತ್ಯರ್ಥ ಇನ್ನೂ ಆಗಿಲ್ಲ. ಕೂಸು ಮಲಗಿದ ಬಂಡೆಗೆ ಮುತ್ತಿಡಲು ಬಂದವರು ಮಂಡಿಯೂರಿ ಹಣೆ ಹಚ್ಚುವುದು ಆ ಮೆಟ್ಟಿಲ ಮೇಲೆಯೇ. ಎದ್ದಾಗ ಅವರ ಹಣೆಯ ಮೇಲೆ ಮಣ್ಣಿರುತ್ತದೆ.