ತೊಂಬತ್ತೈದು ಅಂದರೆ ಮನೆಗೆ

ಅಕ್ಕ ತುರ್ತು ವಿಭಾಗದ ಬೆಂಚಿನ ಮೇಲೆ ಕೂತು ಎರಡು ಮಾತಿಗೊಮ್ಮೆ ಉಸಿರೆಳೆದುಕೊಳ್ಳುತ್ತಿದ್ದಳು. ಡಾಕ್ಟರು ಅವಳ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಸಿಕ್ಕಿಸಿದರು. ತೊಂಬತ್ತೈದು. ತೊಂಬತ್ತೆರಡಕ್ಕಿಂತ ಕೆಳಗಿದ್ದವರಿಗೆ ಮಾತ್ರ ಹಾಸಿಗೆ, ಅದು ನಮ್ಮ ಆಸ್ಪತ್ರೆಯ ನಿಯಮ.

"ಗಾಬರಿ ಅಷ್ಟೇ. ಹೆಂಗಸರಿಗೆ ಹೀಗಾಗುತ್ತೆ. ಮನೆಗೆ ಕರ್ಕೊಂಡು ಹೋಗಿ."

"ಮೂರು ಹೆರಿಗೆಗೂ ನಡ್ಕೊಂಡೇ ಬಂದೋಳು ಸಾರ್ ಇವಳು. ಮಣಿಕಟ್ಟಿಂದ ರಕ್ತ ತೆಗೆದು ಆಮ್ಲಜನಕ ಎಷ್ಟಿದೆ ನೋಡಿ," ಅಂದೆ.

"ಕಾಯಿಲೆ ನಮಗೆ ಬಿಡಿ. ಮೆಷಿನ್ ಸರಿಯಿದೆ ಅಂತ ಸಹಿ ಹಾಕಿದ್ದು ನೀವೇ ಅಲ್ವಾ?"

ನಾನೇ. ಇಲ್ಲಿನ ಯಂತ್ರಗಳನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುವವಳು ನಾನು. ಪ್ರತಿ ಸೋಮವಾರ ಕಂಪನಿ ಕೊಟ್ಟ ರಬ್ಬರ್ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ, ಅಂಕಿ ಸರಿ ಬಂದರೆ ಹಸಿರು ಚೀಟಿ ಅಂಟಿಸುತ್ತೇನೆ. ಆ ಬೆರಳು ಡಾಕ್ಟರ ಬೆರಳಿನಷ್ಟೇ ಬಿಳಿ. ನಮ್ಮಂಥ ಕಪ್ಪು ಚರ್ಮದ ಮೇಲೆ ಇದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು ಎಂದು ಮೇಲಿನವರಿಗೆ ಎರಡು ಸಲ ಬರೆದಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಬರೆದದ್ದಾಯಿತಲ್ಲ ಎಂದು ನಾನೂ ಬಾಯಿ ಮುಚ್ಚಿಕೊಂಡು ಸಹಿ ಹಾಕುತ್ತಾ ಬಂದೆ. ನನ್ನ ಮೇಲೇ ನನಗೆ ಮೈ ಉರಿಯಿತು.

ಅಕ್ಕ ಎದ್ದು ನಿಂತಳು. "ಬಾರೇ ಹೋಗೋಣ. ಅವರಿಗೆ... ಗೊತ್ತಿರಲ್ವಾ. ಇವಳು ಚಿಕ್ಕಂದಿನಿಂದ್ಲೂ... ಜಗಳಗಂಟಿ ಸಾರ್."

ಉಸಿರಿಲ್ಲದಿದ್ದರೂ ಅವರ ಕ್ಷಮೆ ಕೇಳುತ್ತಿದ್ದಾಳೆ. ನನಗೆ ತಡೆಯಲಾಗಲಿಲ್ಲ. ಕ್ಲಿಪ್ಪು ಕಿತ್ತುಕೊಂಡು ಹಸಿರು ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ.

"ಚೀಟಿ ಇಲ್ಲದ ಮೆಷಿನ್ನಿನ ಅಂಕಿ ಬರೆಯೋ ಹಾಗಿಲ್ಲ. ನಿಮ್ಮದೇ ನಿಯಮ. ಈಗ ರಕ್ತ ತೆಗೀರಿ."

ಹಲ್ಲು ಕಚ್ಚಿಕೊಂಡು ತೆಗೆದರು. ಹತ್ತು ನಿಮಿಷಕ್ಕೆ ವರದಿ ಬಂತು: ಎಂಬತ್ತಮೂರು. ನರ್ಸು ಓಡಿ ಬಂದು ಅಕ್ಕನನ್ನು ಮಲಗಿಸಿ ಆಮ್ಲಜನಕ ಹಾಕಿದಳು.

"ಮೆಷಿನ್ ಕೆಟ್ಟಿರಬೇಕು," ಅಂದರು ಡಾಕ್ಟರು.

"ಕೆಟ್ಟಿಲ್ಲ. ನಮ್ಮ ಚರ್ಮದ ಮೇಲೆ ಅದನ್ನ ಯಾರೂ ಪರೀಕ್ಷೆ ಮಾಡಿಲ್ಲ. ನಾನೂ ಮಾಡಿಲ್ಲ."

ಅವರು ಆಗಲೇ ಡ್ರಾಯರಿನಿಂದ ಇನ್ನೊಂದು ಕ್ಲಿಪ್ಪು ತೆಗೆದಿದ್ದರು. ಬೆಂಚಿನಲ್ಲಿ ಅಕ್ಕನ ಪಕ್ಕ ಕೂತಿದ್ದ ಹೆಂಗಸಿನ ಕಪ್ಪು ಬೆರಳಿಗೆ ಅದನ್ನು ಸಿಕ್ಕಿಸಿದರು. ಅವಳ ಭುಜಗಳು ಉಸಿರಿಗೊಮ್ಮೆ ಮೇಲೇಳುತ್ತಿದ್ದವು.

"ತೊಂಬತ್ತಾರು. ನೀವು ಹೊರಡಿ ಅಮ್ಮ."

"ಇವರದ್ದೂ ರಕ್ತ ತೆಗೀರಿ," ಅಂದೆ.

"ಇವರು ನಿಮಗೇನಾಗಬೇಕು?"

"ಏನೂ ಆಗಬೇಕಿಲ್ಲ. ತೆಗೀರಿ."