ಪೆಟ್ಟಿಗೆಯೊಳಗಿನ ತುಪ್ಪುಳ

ಕಳೆದ ವಾರದ ಸಿಡಿಲಿಗೆ ಕಂಪ್ಯೂಟರಿನ ನೆಟ್‌ವರ್ಕ್ ಕಿಂಡಿ ಸುಟ್ಟುಹೋದಾಗಿನಿಂದ ಹಿಲೇರ್ ಮನೆಯಲ್ಲಿ ಯಾರಿಗೂ ನೆಮ್ಮದಿ ಕೊಟ್ಟಿರಲಿಲ್ಲ. ಮನೆಯಲ್ಲಿ ಇದ್ದವಳು ಹೆಂಡತಿ ಅರ್ಲೆಟ್ ಒಬ್ಬಳೇ. ಹಾಗಾಗಿ ಅಷ್ಟೂ ಕಾಟ ಅವಳ ಪಾಲಿಗೇ ಬಂತು.

"ಹೊಸ ನೆಟ್‌ವರ್ಕ್ ಕಾರ್ಡ್ ಬಂತಾ? ಶನಿವಾರ ಮಧ್ಯಾಹ್ನದೊಳಗೆ ಹಾಕ್ಲೇಬೇಕು ಕಣೇ."

ಶನಿವಾರವೇ ಯಾಕೆ ಎಂದರೆ ಬಾಯಿ ಬಿಡಲಿಲ್ಲ. ಟೆಲಿಫೋನ್ ಕಚೇರಿಯಲ್ಲಿ ತಂತಿಗಳ ನಡುವೆಯೇ ತಲೆ ನರೆಸಿಕೊಂಡವಳಿಗೆ ಕಾರ್ಡ್ ಕೂರಿಸುವುದೇನು ದೊಡ್ಡ ಕೆಲಸವಲ್ಲ. ಶನಿವಾರ ಊಟವಾದ ಮೇಲೆ ಸ್ಕ್ರೂಡ್ರೈವರ್ ಹಿಡಿದು ಹಿತ್ತಲ ತುದಿಯ ಮರದ ಕೋಣೆಗೆ ಹೋದಳು. ಹಿಲೇರನೂ ಬೆನ್ನಿಗೇ ಬಂದ.

ಮೊದಲು ಅದು ಹಿಲೇರನ ಪಾರಿವಾಳಗಳ ಗೂಡು. ಹಕ್ಕಿಗಳ ಧೂಳು ಅವನ ಶ್ವಾಸಕೋಶವನ್ನೇ ತಿನ್ನತೊಡಗಿದಾಗ, ಹಕ್ಕಿ ಬೇಕೋ ಉಸಿರು ಬೇಕೋ ಎಂದು ಡಾಕ್ಟರ್ ಕಡ್ಡಿ ಮುರಿದಂತೆ ಕೇಳಿದ್ದರು. ಪಂದ್ಯದ ಹಕ್ಕಿಗಳೆಲ್ಲ ಬುಟ್ಟಿ ಸೇರಿ ಮಾರಾಟವಾದವು. ಅರ್ಲೆಟ್ ಹಲಗೆ ಹಲಗೆಯನ್ನೂ ಉಜ್ಜಿ ತೊಳೆದು, ಸುಣ್ಣ ಬಳಿದು, ಗಂಡನಿಗೆ ಹೊತ್ತು ಹೋಗಲೆಂದು ಅಲ್ಲೊಂದು ಹೊಸ ಕಂಪ್ಯೂಟರ್ ತಂದಿಟ್ಟಳು. ಅವನು ದಿನವಿಡೀ ಅಲ್ಲೇ ಇರುತ್ತಿದ್ದ. ಕೆಮ್ಮು ಮಾತ್ರ ಹೋಗಲಿಲ್ಲ. ಅವಳು ದಿಂಬು ಬದಲಿಸಿದಳು, ಪರದೆ ಕಿತ್ತೆಸೆದಳು. ಕೊನೆಗೆ ಬೆಕ್ಕಿನ ಮೇಲೆ ಅನುಮಾನ ಬಂದು, ಮಡಿಲಲ್ಲೇ ಮುದಿಯಾಗಿದ್ದ ಆ ಜೀವವನ್ನು ಯಾರೋ ಗುರುತಿಲ್ಲದವರಿಗೆ ಕೊಟ್ಟು ಅತ್ತಳು.

ಕೋಣೆ ಫಳಫಳ ಎನ್ನುತ್ತಿತ್ತು. "ಇದನ್ನ ನಾನೇ ಗುಡಿಸ್ಕೋತೀನಿ, ನಿಂಗ್ಯಾಕೆ ತೊಂದ್ರೆ" ಎನ್ನುತ್ತಿದ್ದ ಗಂಡನನ್ನು ಅವಳು ಬೀದಿಯಲ್ಲೆಲ್ಲ ಹೊಗಳಿಕೊಂಡಿದ್ದಳು, ಪಾಪ.

ಕರೆಂಟಿನ ತಂತಿ ಕಿತ್ತು, ಸ್ಕ್ರೂ ಬಿಚ್ಚಿ, ಪೆಟ್ಟಿಗೆಯ ಪಕ್ಕದ ತಗಡನ್ನು ಎಳೆದಳು. ಗಬ್ಬು ನಾತ ಮುಖಕ್ಕೆ ಹೊಡೆಯಿತು. ಹಿಕ್ಕೆಯ ನಾತ, ಬೆಚ್ಚಗಿನ ಪುಕ್ಕದ ನಾತ. ಫ್ಯಾನಿನ ರೆಕ್ಕೆಗಳಿಗೆ ಬೂದು ತುಪ್ಪುಳ ಕಂಬಳಿಯಂತೆ ಸುತ್ತಿಕೊಂಡಿತ್ತು. ಮದರ್‌ಬೋರ್ಡಿನ ಮೇಲೆಲ್ಲ ಜಿಡ್ಡುಜಿಡ್ಡಾದ ಬಿಳಿ ಹುಡಿ. ಬೆರಳಿಟ್ಟರೆ ಅಂಟಿಕೊಂಡು ಬಂತು. ಮಣಿಕಟ್ಟಿನ ಮೇಲೆ ಏನೋ ಹರಿದಂತಾಗಿ ನೋಡಿದರೆ ಹಕ್ಕಿ ಹೇನು. ಕೈ ಕೊಡವಿದಳು.

"ಹಿಲೇರ್, ಏನಿದು?"

"ಹಳೇ ಧೂಳು ಕಣೇ."

"ಹಕ್ಕಿ ಹೋದ್ಮೇಲೆ ತಂದ ಪೆಟ್ಟಿಗೆ ಇದು. ಯಾರಿಗೆ ಕಿವಿ ಮೇಲೆ ಹೂ ಇಡ್ತೀಯಾ?"

ಮೇಜು, ಕಿಟಕಿ, ನೆಲ ಎಲ್ಲ ಒರೆಸಿಟ್ಟ ಮಹಾಶಯನಿಗೆ, ಪೆಟ್ಟಿಗೆಯೂ ಉಸಿರೆಳೆಯುತ್ತದೆ ಎಂಬುದು ಹೊಳೆದಿರಲಿಲ್ಲ. ಅವನ ಕಣ್ಣು ಮೂಲೆಯ ಬೀರುವಿನತ್ತ ಹೊರಳಿತು. ಅರ್ಲೆಟ್ ಅದನ್ನು ಜರುಗಿಸಿದಳು. ಹಿಂದೆ ಒಂದು ಹಲಗೆಗೆ ಹೊಸ ಕೀಲು; ತಳ್ಳಿದರೆ ಬಾಗಿಲಂತೆ ತೆರೆಯಿತು. ಆಚೆಗೆ ಪಕ್ಕದ ಮನೆಯ ಓಮೇರನ ಗೂಡು, ಅದರಲ್ಲಿ ಗುಟುರು ಹಾಕುತ್ತಿದ್ದ ಹಕ್ಕಿಗಳು. ಬೀದಿಯಲ್ಲಿ ಮನೆಗೊಂದು ಗೂಡಿರುವಾಗ ಯಾರ ಹಕ್ಕಿಯ ದನಿ ಯಾವುದೆಂದು ಅವಳಿಗೆ ತಿಳಿಯುವುದಾದರೂ ಹೇಗೆ?

"ಮಾರಿದ್ದೆಲ್ಲ ನಾಟಕ?"

"ನಾಲ್ಕೈದು ಮಾತ್ರ ಉಳಿಸ್ಕೊಂಡೆ. ಓಮೇರನ ಹೆಸರಲ್ಲಿ ಹಾರಿಸ್ತೀನಿ. ಇವತ್ತು ಪಂದ್ಯಕ್ಕೆ ದೂರದ ನೋಯೋನ್ ಊರಿಂದ ಬಿಟ್ಟಿದ್ದಾರೆ, ಇನ್ನೇನು ಗೂಡಿಗೆ ಬರ್ತವೆ. ಯಾವ್ದು ಮೊದ್ಲು ಬಂತು ಅಂತ ಕಂಪ್ಯೂಟರಲ್ಲೇ ಗೊತ್ತಾಗೋದು. ಕಾರ್ಡ್ ಹಾಕೇ, ದಮ್ಮಯ್ಯ."

"ಬೆಕ್ಕನ್ನ ಕೊಟ್ಟಾಗ ಯಾಕೆ ಸುಮ್ನಿದ್ದೆ?"

"ಬೆಕ್ಕಿಂದ ಅಂತ ಹೇಳಿದ್ದು ನೀನೇ ಅಲ್ವಾ?"

ಅವಳಿಗೆ ಹೇಸಿಗೆಯಾಯಿತು. ಹೇನಿಗಿಂತ, ಹಿಕ್ಕೆಗಿಂತ, ಈ ಮಾತಿಗೆ. ರಾತ್ರಿಯೆಲ್ಲ ಎದ್ದು ಕೂತು ಬೆನ್ನು ನೀವಿದ್ದು ಇವನಿಗೇ? ಅಷ್ಟರಲ್ಲಿ ಅವನು ಪೆಟ್ಟಿಗೆಯ ಮೇಲೆ ಬಗ್ಗಿ ಉಫ್ ಎಂದು ಊದಿದ. ಹುಡಿ ಅವನ ಮುಖಕ್ಕೇ ಎದ್ದಿತು. ಅವನು ಹಿಂದೆ ಸರಿಯಲಿಲ್ಲ. ಕಣ್ಣು ಮುಚ್ಚಿ, ಮೂಗರಳಿಸಿ, ಆಳವಾಗಿ ಎಳೆದುಕೊಂಡ.

ಈ ಕೆಲಸ ಮುಗಿಸಿ ಇಲ್ಲಿಂದ ಹೊರಬಿದ್ದರೆ ಸಾಕು ಎನಿಸಿತು ಅವಳಿಗೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಾರ್ಡ್ ಕೂರುವ ಕಿಂಡಿಯ ಹುಡಿ ಕೆರೆದಳು. ಹಿಂಬದಿಯ ತಗಡಿನ ಪಟ್ಟಿ ತೆಗೆದು, ಕಾರ್ಡನ್ನು ಒತ್ತಿ ಕೂರಿಸಿ, ಸ್ಕ್ರೂ ಬಿಗಿದು, ತಂತಿ ಸಿಕ್ಕಿಸಿದಳು. ಕಂಪ್ಯೂಟರ್ ಹಚ್ಚಿದ ಸ್ವಲ್ಪ ಹೊತ್ತಿಗೆ ಹಸಿರು ದೀಪ ಮಿಣುಕಿತು. ತೆರೆಯ ಮೇಲೆ ಗೂಡು ಸೇರಿದ ಹಕ್ಕಿಗಳ ಪಟ್ಟಿ ತೆರೆದುಕೊಂಡಿತು. ಎಲ್ಲಕ್ಕಿಂತ ಮೇಲೆ ಓಮೇರನ ಹೆಸರು.

"ನಂದು! ಅದು ನಂದು!" ಎಂದು ಕೂಗಿದವನಿಗೆ ಕೆಮ್ಮು ಹಿಡಿಯಿತು. ಬಿಡಲೊಲ್ಲದು. ತುಟಿ ನೀಲಿಗಟ್ಟಿತು. ಒಂದು ಕೈಯಲ್ಲಿ ಮೇಜು ಹಿಡಿದು, ಇನ್ನೊಂದು ಕೈಯನ್ನು ಅವಳತ್ತ ಬೀಸಿ ಬೀಸಿ ಕರೆದ. ಎಷ್ಟೆಂದರೂ ಅಭ್ಯಾಸಬಲ. ಅರ್ಲೆಟ್ ಮನೆಯೊಳಗೆ ಓಡಿ ಇನ್‌ಹೇಲರ್ ತಂದು ಅವನ ಬಾಯಿಗೆ ಹಿಡಿದಳು. ಅವನು ಅದನ್ನು ತಳ್ಳಿ ತೆರೆಯತ್ತ ಬೆರಳು ತೋರಿಸಿದ.

"ಎರ್ಡನೇದೂ... ನಂದೇ!"

ಅವಳು ಇನ್‌ಹೇಲರನ್ನು ಅವನ ಅಂಗಿಯ ಜೇಬಿಗೆ ತುರುಕಿದಳು. "ಇದು ನಿನ್ನ ಹತ್ರಾನೇ ಇರ್ಲಿ. ಇನ್ಮೇಲೆ ನಾನು ಓಡಿ ಬರಲ್ಲ" ಎಂದು ಹೊರಟಳು.

ಹಿಂದಿನಿಂದ, ಏದುಸಿರಿನ ನಡುವೆ, ಅವನ ದನಿ ಬಂತು: "ಬಾಗ್ಲು ಮೆಲ್ಲಗೆ ಹಾಕ್ಕೊಂಡು ಹೋಗೇ. ಹಕ್ಕಿ ಬೆದರ್ತವೆ."